ಮೂರು ಗೇರಿನ ಸೈಕಲ್ಲು, ವಾಡಿಯ ಸಿಗ್ನಲ್ ಕಾಕಾ

ಎಪ್ಪತ್ತರ ದಶಕದಲ್ಲಿ ನಾನು ಚಿಂಚೋಳಿ ತಾಲ್ಲೂಕಿನಲ್ಲಿ ನರ್ಸ್ ಆಗಿದ್ದಾಗ ನನ್ನ ಹತ್ತಿರ ಗೇರಿನ ಸೈಕಲ್ಲೊಂದಿತ್ತು. ಆ ಸೀಮೆಯಲ್ಲಿ ಗೇರು ಎಂದರೆ ಲಾರಿಗೆ, ಬಸ್ಸಿಗೆ. ಸೈಕಲ್ಲಿಗೂ ಇರುತ್ತದೆಂದರೆ ಜನ ನನ್ನ ಮುಖ ನೋಡಿ ನಗುತ್ತಿದ್ದರು. ನಾನೇನೂ ಅದನ್ನು ಕೊಂಡದ್ದಲ್ಲ. ಶಹಾಬಾದಿನಲ್ಲಿ ತರಬೇತಿಯಲ್ಲಿದ್ದಾಗ, ವಿಷಮಜ್ವರ ಬಂದಿದ್ದ ಒಬ್ಬ ಪರದೇಶಿ ಎಂಜಿನಿಯರನ ಹೆಂಡತಿಯನ್ನು ಮೂರು ವಾರ ನೋಡಿಕೊಂಡಿದ್ದೆ. ತನ್ನ ದೇಶಕ್ಕೆ ಮರಳುವಾಗ ಆಕೆ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, ಹ್ಯಾಂಡಲ್ಲಿನ ಮೇಲಿದ್ದ ಬೆರಳುದ್ದದ ಲಿವರನ್ನು ಒತ್ತಿ ತೋರಿಸಿದಳು. ಒಂದು ಏರಿಗೆ, ಎರಡು ಸಮ ದಾರಿಗೆ, ಮೂರು ಇಳಿಜಾರಿಗೆ.

ಗೇರೆಲ್ಲ ಇದ್ದದ್ದು ಹಿಂದಿನ ಗಾಲಿಯ ನಡುವಿನ ಉಕ್ಕಿನ ಡಬ್ಬಿಯೊಳಗೆ. ಹೊರಗೆ ಕಾಣುತ್ತಿದ್ದುದು ಲಿವರಿನಿಂದ ಅಲ್ಲಿಗೆ ಹೋಗುವ ಒಂದು ತಂತಿ, ಅದರ ತುದಿಯಲ್ಲಿ ಪುಟ್ಟ ಸರಪಳಿ, ಅಷ್ಟೇ.

ಒಂದು ಚಳಿಗಾಲದಲ್ಲಿ ಗೇರು ತಡಮಾಡತೊಡಗಿತು. ಲಿವರ್ ಒತ್ತಿ ಹತ್ತು ಹನ್ನೆರಡು ಸುತ್ತು ತುಳಿದರೂ ಏನೂ ಆಗುತ್ತಿರಲಿಲ್ಲ. ಆಮೇಲೆ ಒಮ್ಮೆಲೇ ಧಡ್ಡೆಂದು ಬೀಳುತ್ತಿತ್ತು. ಕಾಡಿನಂಚಿನ ತಾಂಡಾದಿಂದ ಹೆರಿಗೆ ನೋವೆಂದು ಕರೆ ಬಂದ ಒಂದು ಬೆಳಿಗ್ಗೆ, ಕೆಂಪು ಮಣ್ಣಿನ ಏರಿನ ನಟ್ಟನಡುವೆ ಪೆಡಲ್ಲು ಖಾಲಿ ತಿರುಗಿತು. ಔಷಧದ ಪೆಟ್ಟಿಗೆ ಸಮೇತ ಬಿದ್ದೆ. ಮೊಣಕಾಲು ತರಚಿ ರಕ್ತ ಬಂತು. ಸೈಕಲ್ಲು ತಳ್ಳಿಕೊಂಡು ಕುಂಟುತ್ತ ಹೋಗಿ ಮುಟ್ಟುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿಯಾಗಿತ್ತು. ತಾಂಡಾದ ಮುದುಕಿಯೊಬ್ಬಳು ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು. ನನ್ನ ಕಾಲು ನೋಡಿ, "ಮದಲ ನೀ ಕುಂದ್ರವ್ವಾ, ನಿನಗೇ ದವಾ ಬೇಕಾಗ್ಯಾದ" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಾಣಂತಿ, ಕೂಸು ಇಬ್ಬರೂ ಚೆನ್ನಾಗಿದ್ದರು. ಆದರೆ ಮುಂದಿನ ಸಲ ಎಲ್ಲ ಹೀಗೇ ಸುಸೂತ್ರವಾಗಿರದಿದ್ದರೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಚಿಂಚೋಳಿಯ ಸೈಕಲ್ ಅಂಗಡಿಯವರು ಡಬ್ಬಿ ನೋಡಿಯೇ ಕೈಮುಗಿದರು. "ನಮ್ಮ ಕೈಲೆ ಆಗಲ್ರೀ ನರ್ಸಬಾಯಾರ. ಬಿಚ್ಚಿದ್ರ ಮತ್ತ ಕೂಡ್ಸಾಕ ಬರಲ್ಲ."

ಎರಡು ದಿನ ರಜೆ ಹಾಕಿದೆ. ಸೇಡಂವರೆಗೆ ಬಸ್ಸಿನ ಮೇಲೆ, ಅಲ್ಲಿಂದ ರೈಲಿನಲ್ಲಿ ಸೈಕಲ್ಲನ್ನು ಸಾಗಿಸಿಕೊಂಡು ವಾಡಿಗೆ ಬಂದೆ. ವಾಡಿ ನನ್ನ ತವರು. ನಮ್ಮ ಪಕ್ಕದ ಮನೆಯ ಕಾಕಾ ರೈಲ್ವೆಯಲ್ಲಿ ಸಿಗ್ನಲ್ ತಂತಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಅಪ್ಪನೇ ಅವರನ್ನು ಕೇಳು ಅಂದ.

"ಗೇರಿನ ಸೈಕಲ್ ನಾ ಕಣ್ಣಿಲೆ ನೋಡಿಲ್ಲ ಮಗಳಾ" ಅಂದರು ಕಾಕಾ. "ತಂತಿ ಅದ ಅಂತೀ ಅಲ್ಲ? ತಂತಿ ಅಂದ್ರ ನಂಗ ತಿಳೀತದ. ತಾ ಇಲ್ಲಿ."

ಅವರು ಸೈಕಲ್ಲನ್ನು ಅಂಗಳದ ಬೇವಿನ ಕೊಂಬೆಗೆ ಹಗ್ಗದಿಂದ ತೂಗುಹಾಕಿದರು. ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳಲಿಲ್ಲ. ಬೆಂಚಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ಪೆಡಲ್ಲನ್ನು ಮೆಲ್ಲಗೆ ತಿರುಗಿಸುತ್ತ ಹೋದರು. ಮೂರರಲ್ಲಿ ಹಾಕಿದರು, ಎರಡರಲ್ಲಿ ಹಾಕಿದರು, ಒಂದರಲ್ಲಿ ಹಾಕಿದರು. ಅರ್ಧ ಗಂಟೆ ಹೀಗೇ. ನನಗೆ ಬೇಸರವಾಗುತ್ತಿತ್ತು.

"ಬಾ, ಕೇಳಿಲ್ಲಿ" ಅಂದರು.

ಕಿವಿಯಿಟ್ಟೆ. ಡಬ್ಬಿಯೊಳಗೆ ಕೈಗಡಿಯಾರದಂಥ ಸಣ್ಣ ಟಿಕ್ ಟಿಕ್. ಇಷ್ಟು ವರ್ಷ ಅದರ ಮೇಲೆ ಕುಳಿತು ಊರೂರು ತಿರುಗಿದ್ದರೂ ನಾನು ಆ ಸದ್ದನ್ನು ಕೇಳಿಸಿಕೊಂಡಿರಲಿಲ್ಲ.

"ಮೂರರಾಗ ಟಿಕ್ ಅಂತದ, ಎರಡರಾಗ ಅಂತದ. ಈಗ ಒಂದರಾಗ ಹಾಕೀನಿ. ಆದ್ರೂ ಅನ್ನಾಕತ್ತದ. ನೋಡ್ತಿರು." ಪೆಡಲ್ಲು ತಿರುಗುತ್ತಲೇ ಇತ್ತು. ಸುಮಾರು ಹೊತ್ತಾದ ಮೇಲೆ ಒಳಗೆ ಏನೋ ಕಚ್ಚಿಕೊಂಡಂತಾಗಿ ಸದ್ದು ಪೂರಾ ನಿಂತಿತು. "ಈಗ ಒಂದಕ್ಕ ಬಿತ್ತು. ಲಿವರ್ ಜಗ್ಗಿದ್ದು ಯಾವಾಗ, ಇದು ಬಿದ್ದಿದ್ದು ಯಾವಾಗ! ಸಿಗ್ನಲ್ನಾಗ ತಂತಿ ಸಡ್ಲಾದ್ರ ಹಿಂಗೇ ಆಗ್ತದ. ಇಲ್ಲಿ ಪೂರಾ ಜಗ್ಗಿದ್ರೂ ಅಲ್ಲಿ ಕಂಬದ ಕೈ ಅರ್ಧಾನೇ ಇಳೀತದ."

ಆಮೇಲೆ ಗಾಲಿಯ ನಟ್ಟಿನ ಪಕ್ಕದಲ್ಲಿ ಒಂದು ಪುಟ್ಟ ಕಿಂಡಿಯನ್ನು ಅವರ ಬೆರಳು ಕಂಡುಹಿಡಿಯಿತು. ಅದರಲ್ಲಿ ಬಗ್ಗಿ ನೋಡಿದರು. ತಂತಿ ಜಗ್ಗಿದಂತೆ ಒಳಗಿನ ಕಡ್ಡಿಯೊಂದು ಹೊರಬರುತ್ತಿತ್ತು, ಸಡಿಲ ಬಿಟ್ಟಂತೆ ಒಳಹೋಗುತ್ತಿತ್ತು.

"ಈ ಕಿಂಡಿ ಸುಮ್ಮ ಇಟ್ಟಿಲ್ಲ ಮಗಳಾ. ಮಾಡಿದಾಂವ ನೋಡ್ಕೊಳ್ಳಾಕಂತನೇ ಇಟ್ಟಾನ." ಆ ಮನುಷ್ಯ ಎದುರಿಗೇ ಕುಳಿತಿದ್ದಾನೆ ಎನ್ನುವಂತೆ ಅವರ ದನಿ ಮೆತ್ತಗಾಗಿತ್ತು. ಎರಡನೇ ಗೇರಿನಲ್ಲಿ ಕಡ್ಡಿಯ ತುದಿ ಗಾಲಿಯ ಅಚ್ಚಿನ ತುದಿಗೆ ಸರಿಸಮ ನಿಲ್ಲಬೇಕೆಂದು ಯಾವ ಪುಸ್ತಕವೂ ಇಲ್ಲದೆ ಅವರು ಲೆಕ್ಕ ಹಾಕಿದರು. ಎರಡು ನಡುವಿನದು, ಹಾಗಾಗಿ ಅಲ್ಲಿ ಎಲ್ಲವೂ ಸಮನಾಗಿರಬೇಕು ಎಂಬುದು ಅವರ ತರ್ಕ.

"ತಂತಿದು ತಿಳೀತು. ಆದ್ರ ಒಳಗ ಜಡ ಅದ. ಏನ್ ಎಣ್ಣಿ ಬಿಟ್ಟೀದಿ?"

"ಕೊಬ್ಬರಿ ಎಣ್ಣಿ ಬಿಟ್ಟೀನ್ರಿ ಕಾಕಾ."

ಅವರು ನನ್ನ ತಲೆ ನೋಡಿದರು, ಸೈಕಲ್ಲು ನೋಡಿದರು. "ಚಳಿಗೆ ಹೆಪ್ಪುಗಟ್ಟ್ಯಾದ" ಅಂದರಷ್ಟೆ. ಡಬ್ಬಿಯ ಎಣ್ಣೆ ತೂತಿನಿಂದ ಚಿಮಣಿಗೆ ಹಾಕುವ ಸೀಮೆಎಣ್ಣೆ ಬಿಟ್ಟು, ಗಾಲಿ ತಿರುಗಿಸಿ, ಸೈಕಲ್ಲನ್ನು ಮಧ್ಯಾಹ್ನದವರೆಗೆ ಬಿಸಿಲಲ್ಲಿ ವಾಲಿಸಿಟ್ಟರು. ಕಪ್ಪು ಜಿಡ್ಡು ತೊಟ್ಟಿಕ್ಕಿತು. ಊಟವಾದ ಮೇಲೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟು, ತಂತಿಯ ತುದಿಯ ತಿರುಪನ್ನು ಅರ್ಧ ಸುತ್ತಿಗಿಂತಲೂ ಕಡಿಮೆ ಬಿಗಿ ಮಾಡಿದರು.

ಲಿವರನ್ನು ಒಂದಕ್ಕೆ ಒತ್ತಿದೆ. ಪೆಡಲ್ಲು ಒಂದು ಸುತ್ತು ಮುಗಿಯುವ ಮೊದಲೇ ಟಿಕ್ ಟಿಕ್ ನಿಂತಿತು. ಡಬ್ಬಿ ಬಿಚ್ಚಿರಲಿಲ್ಲ, ಒಳಗಿನದನ್ನು ಯಾರೂ ಕಂಡಿರಲಿಲ್ಲ. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ ಎಂದು ಹೇಳಲು ಕಲಿತ ದಿನ ನನಗೆ ಆಗಿದ್ದ ಬೆರಗೇ ಈಗಲೂ ಆಯಿತು.

ಆಗ ಕಾಕಾ ಮುಂದೆ ಬಗ್ಗಿ, ಸರಿಮಾಡಿದ ತಿರುಪನ್ನು ಮತ್ತೆ ಪೂರಾ ಸಡಿಲಿಸಿಬಿಟ್ಟರು.

"ಏನ್ ಮಾಡಾಕತ್ತೀರಿ ಕಾಕಾ!"

"ನಾ ಇರೋದು ವಾಡ್ಯಾಗ. ಏರು ಇರೋದು ಚಿಂಚೋಳ್ಯಾಗ. ನೀನೇ ಮಾಡು."

ಮೂರು ಸಲ ತಪ್ಪಿದೆ. ನಾಲ್ಕನೆಯ ಸಲ ಕಿಂಡಿಯಲ್ಲಿ ಕಡ್ಡಿಯ ತುದಿ ಅಚ್ಚಿಗೆ ಸಮ ಬಂದು ನಿಂತಿತು. ಆಮೇಲೆ ಎಷ್ಟೋ ವರ್ಷ, ಪ್ರತಿ ಬೇಸಿಗೆಗೆ ಮತ್ತು ಪ್ರತಿ ಚಳಿಗೆ, ದವಾಖಾನೆಯ ಹಿತ್ತಲಲ್ಲಿ ಒಬ್ಬಳೇ ಕುಳಿತು ಈ ಕೆಲಸ ಮಾಡಿದ್ದೇನೆ. ಗೇರು ಮತ್ತೆಂದೂ ಏರಿನಲ್ಲಿ ಕೈಕೊಡಲಿಲ್ಲ.

ಅಂದು ಸಂಜೆ ಕಾಕಾ ಒಂದು ಮಾತು ಕೇಳಲು ಭಾಳ ನಾಚಿಕೊಂಡರು. "ಒಂದು ಸುತ್ತು ಹೋಗಿ ಬರ್ಲೇನು?"

ಹೆಂಗಸರ ಸೈಕಲ್ಲದು. ಅವರ ಹೆಂಡತಿ ಕಾಕು ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕಾಕಾ ಧೋತರ ಎತ್ತಿ ಕಟ್ಟಿ, ರೈಲ್ವೆ ಕ್ವಾರ್ಟರ್ಸಿನ ರಸ್ತೆಯಲ್ಲಿ ಒಂದನೇ ಗೇರಿನಲ್ಲಿ ಹೊರಟರು. ಎರಡಕ್ಕೆ ಬಂದರು. ನೀರಿನ ಟಾಕಿಯ ಹತ್ತಿರ ಮೂರಕ್ಕೆ ಹಾಕಿದರೆಂದು ಅವರ ಬೆನ್ನು ಬಾಗಿದ ರೀತಿಯಿಂದಲೇ ನನಗೆ ಗೊತ್ತಾಯಿತು. ದೂರದಿಂದ ಅವರ ಕೂಗು ಕೇಳಿಸಿತು.

"ಮಗಳಾ! ನಾಕನೇದು ಇಲ್ಲೇನು ಇದಕ್ಕ?"