ಟಗರಿನ ಒಪ್ಪಿಗೆ

ನನ್ನ ಮಗಳು ಡೆಂಗ್ಯೂ ಆಗಿ ಜಮಖಂಡಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಗುಣವಾದರೆ ಟಗರು ಕೊಡುತ್ತೇನೆಂದು ಅವ್ವ ನಮ್ಮ ಹೊಲದ ದುರ್ಗವ್ವನಿಗೆ ಹರಕೆ ಹೊತ್ತಳು. ಮಗಳು ಎದ್ದು ಓಡಾಡಿದಳು. ನಮ್ಮ ಹಿಂಡಿನಲ್ಲಿ ತಾಯಿ ಸತ್ತ ಮರಿಯೊಂದನ್ನು ಅವ್ವ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಈಗ ಟಗರಾಗಿದ್ದ ಅದನ್ನೇ ಹರಕೆಗೆ ಆರಿಸಿದಳು. ಬೇಡವಾದದ್ದನ್ನು ದೇವರಿಗೆ ಕೊಡಬಾರದು ಎನ್ನುವುದು ಅವಳ ಹಟ.

ನಮ್ಮಲ್ಲಿ ಕೇಳದೆ ಕಡಿಯುವುದಿಲ್ಲ. ಅರಿಶಿನ ಕುಂಕುಮ ಹಚ್ಚಿ, ಬೆನ್ನ ಮೇಲೆ ನೀರು ಹಾಕಿ ಕಾಯುತ್ತೇವೆ. ಮೈ ಕೊಡವಿದರೆ ಟಗರು ಒಪ್ಪಿತು ಎಂದರ್ಥ. ಅವತ್ತು ಸಾವಳಗಿಯ ಹೊಲದಲ್ಲಿ ನಮ್ಮ ಟಗರು ಕೊಡವಲಿಲ್ಲ. ಮೈಯೆಲ್ಲ ತೊಯ್ದರೂ ಅವ್ವನ ಸೆರಗು ಮೂಸುತ್ತ ನಿಂತಿತ್ತು. ಅವ್ವ ಸುರಿದ ಎರಡನೇ ಚೆಂಬೂ ಖಾಲಿಯಾಯಿತು.

"ಒಲ್ಲೆ ಅನ್ನಾಕತ್ತೈತಿ," ಎಂದಳು ಅವ್ವ.

ಕತ್ತಿ ಹಿಡಿದಿದ್ದ ಕಾಕಾ ನಕ್ಕ. "ಕುರಿ ಎಲ್ಲಿ ಒಲ್ಲೆ ಅಂತೈತ್ರೀ ವೈನಿ? ಹೊತ್ತು ತಗೊಂಡೈತಿ, ಅಷ್ಟ."

ನಿಜ. ಹೂಂ ಅನ್ನಲು ನಾವು ಅದಕ್ಕೊಂದು ಗುರುತು ಕೊಟ್ಟಿದ್ದೆವು, ಒಲ್ಲೆ ಅನ್ನಲು ಕೊಟ್ಟಿರಲಿಲ್ಲ. ಆಗ ನನಗಿದು ಹೊಳೆಯಲಿಲ್ಲ. ಹರಕೆ ತಪ್ಪಿದರೆ ಮಗಳಿಗೆ ಮತ್ತೇನಾದೀತೋ ಎಂಬ ದಿಗಿಲು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತನ್ನು ನನ್ನನ್ನು ನೋಡಿಯೇ ಹೇಳಿದ್ದಿರಬೇಕು. ಅವ್ವನ ಕೈಯಿಂದ ಚೆಂಬು ಕಸಿದು, ತುಂಬಿಕೊಂಡು, ಅದರ ಕಿವಿಯೊಳಕ್ಕೇ ನೀರು ಸುರಿದೆ. ಟಗರು ತಲೆಯಿಂದ ಬಾಲದವರೆಗೆ ಕೊಡವಿತು. "ಒಪ್ಪಿತು!" ಎಂದು ಎಲ್ಲರಿಗಿಂತ ಮೊದಲು ಕೂಗಿದವನೂ ನಾನೇ.

ಅವ್ವ ಊಟಕ್ಕೆ ಕೂರಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಇದಾಗಿ ಎರಡು ವರ್ಷ. ಈಗ ಯಾರು ಸಿಕ್ಕರೂ ವಾದಕ್ಕಿಳಿಯುತ್ತೇನೆ: ಕುರಿ ಅಂದರೆ ಕುರಿ, ಅದೇನು ಮನುಷ್ಯನೇ? ಗೆದ್ದು ಮನೆಗೆ ಬರುತ್ತೇನೆ, ಕೂತಲ್ಲಿ ಕೂರಲಾಗುವುದಿಲ್ಲ. ಬರೀ ಕುರಿಯಾಗಿದ್ದರೆ ಅದನ್ನು ಕೇಳುವುದೇಕೆ? ಕೇಳಬೇಕಾದಷ್ಟು ದೊಡ್ಡದು ಎಂದಾದರೆ, ಅದು ಒಲ್ಲೆ ಎಂದಾಗ ಬಿಡಬೇಡವೇ? ಕೊನೆಗೆ ಹೆಂಡತಿಯ ಮೇಲೆ ರೇಗುತ್ತೇನೆ. ಅವಳದೇನೂ ತಪ್ಪಿಲ್ಲ, ಪಾಪ.

ಹೋದ ವಾರ ತಡೆಯಲಾಗದೆ, ರೊಟ್ಟಿ ಬಡಿಯುತ್ತಿದ್ದ ಅವ್ವನ ಎದುರು ಹೋಗಿ ಕೂತೆ. "ಅವತ್ತ ಟಗರನ್ನ ಕೇಳೇ ಕಡದೇವಲ್ಲಬೇ ಯವ್ವಾ. ತಪ್ಪೇನಿಲ್ಲಲ್ಲಾ?" ಇಲ್ಲ ಅಂದುಬಿಡಲಿ ಎಂದು ಅವಳ ಬಾಯನ್ನೇ ನೋಡಿದೆ.

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಕೇಳಿದಾಕಿ ನಾನು," ಎಂದಳು. "ನೀ ಎಲ್ಲಿ ಕೇಳಿದೆಪಾ? ನೀ ನೀರ ಹಾಕಿದಿ."