ಮಲಕಪ್ಪನ ಕುರಿಗಳ ಕೆಳಗಿನ ತಗಡು

ಕಮತಗಿಯ ಹೊರಗೆ, ರಸ್ತೆ ಹೊರಳುವಲ್ಲಿ ಗಾಡಿ ರಿಪೇರಿಯ ಒಂದು ಶೆಡ್ಡು. ನಸುಕು ಇನ್ನೂ ಪೂರ್ತಿ ಹರಿದಿಲ್ಲ. ಹುಸೇನಸಾಬರು ಹಳೆಯ ವ್ಯಾನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅದರ ಮೈಯನ್ನು ಬೆರಳ ಗಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ತಗಡು ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಒಣ ಸೋರೆಬುರುಡೆಯ ಹಾಗೆ ಬೊದ್ದೆನ್ನುತ್ತದೆ. ಇವತ್ತು ತಟ್ಟಿದಲ್ಲೆಲ್ಲ ಬೊದ್ದು ಸದ್ದೇ.

ಬಿಸಿಲೇರಿದರೆ ಅವರ ಕಣ್ಣಲ್ಲಿ ನೀರು ಸುರಿಯುತ್ತದೆ. ಹರೆಯದಲ್ಲಿ ಬರಿಗಣ್ಣಲ್ಲೇ ವೆಲ್ಡಿಂಗ್ ಮಾಡಿದ್ದರ ಫಲ. ಎಡಗಣ್ಣು ಹೋಗಿಯೇ ಬಿಟ್ಟಿದೆ. ಬಲಗಣ್ಣಿಗೆ ಮಗಳು ಅಲ್ಮಾಸ ಔಷಧ ಹನಿಸಿ, ಇಳಕಲ್ಲಿನ ಸೀರೆ ಅಂಗಡಿಯ ಕೆಲಸಕ್ಕೆ ಬಸ್ಸು ಹಿಡಿಯುತ್ತಾಳೆ. ಹೋಗುವಾಗ ಒಂದು ಮಾತು ಚುಚ್ಚದೆ ಹೋಗುವವಳಲ್ಲ: "ಗಾಡಿ ಕಣ್ಣ ಹೋದ್ರ ಹೊಸಾ ಲೈಟ್ ಹಾಕ್ತೀರಿ ಅಬ್ಬಾ. ನಿಮ್ಮವು ಹೋದ್ರ?"

ವ್ಯಾನು ರೇಣವ್ವನದು. ಗಂಡ ಮಲಕಪ್ಪ ತೀರಿಕೊಂಡ ಮೇಲೆ ಊರವರ ಕುರಿಗಳನ್ನು ಅಮೀನಗಡದ ಸಂತೆಗೆ ಸಾಗಿಸುವವಳು ಅವಳೇ. ವ್ಯಾನಿನ ಪಕ್ಕದ ತಗಡಿನ ಮೇಲೆ ಮಲಕಪ್ಪ ಬರೆದ ಚಿತ್ರವಿದೆ: ಕಂಬಳಿ ಹೊದ್ದ ಕುರಿಗಾರರ ದೇವರು ಬೀರಪ್ಪ, ಹಿಂದೆ ಸಾಲುಹಿಡಿದ ಕುರಿಗಳು. ಅವನ ಕೈಯ ಗುರುತೆಂದು ಉಳಿದದ್ದು ಅದೊಂದೇ.

"ಚಿತ್ರ ಉಳೀಬೇಕು ಕಾಕಾ. ವೆಲ್ಡಿಂಗ ಹೊಡೀರಿ, ಗಟ್ಟಿ ಇರ್ತದ" ಎನ್ನುತ್ತಾಳೆ ರೇಣವ್ವ.

"ಬೆಂಕಿ ತಾಗಿದ್ರ ಬಣ್ಣ ಹಪ್ಪಳದಂಗ ಏಳ್ತದ ಯವ್ವಾ. ಬೀರಪ್ಪನೂ ಉಳಿಯಂಗಿಲ್ಲ, ಕುರೀನೂ ಉಳಿಯಂಗಿಲ್ಲ."

ತೂತು ಕೊರೆದು ರಿವಿಟ್ ಮೊಳೆ ಹೊಡೆದರೆ ಬಣ್ಣ ಸುಡುವುದಿಲ್ಲ. ಆದರೆ ರಿವಿಟ್ ಕಚ್ಚಿ ಹಿಡಿಯಲು ಹಳೆಯ ತಗಡಿನ ಅಂಚು ಗಟ್ಟಿಯಿರಬೇಕು. ನೋಡೋಣವೆಂದು ಅವರು ಚಿತ್ರದ ಕೆಳಗಿನ ಜೋಡನ್ನು ಉಳಿಯಿಂದ ಬಿಡಿಸುತ್ತಾರೆ. ಕೆಂಪು ತುಕ್ಕಿನ ನಡುವೆ ಹಳದಿ ಹೆಂಟೆಗಳು ಉದುರುತ್ತವೆ. ಅರಿಶಿನದ ಭಂಡಾರ! ಪ್ರತಿ ಅಮಾವಾಸ್ಯೆ ಮಲಕಪ್ಪ, ಅವನ ನಂತರ ರೇಣವ್ವ, ಬೀರಪ್ಪನಿಗೆ ಭಂಡಾರ ತೂರಿ ಆ ಅಂಚಿಗೇ ಕಾಯಿ ಒಡೆಯುತ್ತ ಬಂದಿದ್ದಾರೆ. ಕಾಯಿನೀರು ಜೋಡಿನೊಳಗೆ ಇಳಿದಿದೆ, ಭಂಡಾರ ಅದನ್ನು ಹೀರಿ ಹಿಡಿದಿದೆ, ತಗಡು ಒಣಗಿಯೇ ಇಲ್ಲ. ಏಳು ಕೋಣೆಗಳಾಚೆ ಅಡಗಿದ ರಕ್ಕಸಿಯ ಹಾಗೆ ತುಕ್ಕು ಅಲ್ಲಿ ಕೂತು, ಬೀರಪ್ಪನ ಎಡೆಯನ್ನೇ ಉಂಡು ಬೆಳೆದಿದೆ.

ರೇಣವ್ವ ಆ ಹಳದಿಯನ್ನು ಬೆರಳಲ್ಲಿ ಉಜ್ಜುತ್ತಾಳೆ. "ನಾನ ತಿನ್ನಿಸಿದಂಗಾತಲ್ಲ ಕಾಕಾ."

ಹುಸೇನಸಾಬರು ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ರಿವಿಟ್ ಕಚ್ಚುವಷ್ಟು ಗಟ್ಟಿ ಉಳಿದಿಲ್ಲ. ತಗಡು ಕತ್ತರಿ ತೆಗೆದುಕೊಂಡು ಚಿತ್ರವನ್ನೇ ಸುತ್ತ ಕತ್ತರಿಸಿ ಬಿಡಿಸುತ್ತಾರೆ. ಕೊಳೆತ ಅಂಚಿನ ಜೊತೆ ಕೊನೆಯ ಕುರಿಯ ಕಾಲುಗಳು ಹೋಗುತ್ತವೆ. ಖಾಲಿಯಾದ ಜಾಗಕ್ಕೆ ಹೊಸ ತಗಡು, ಅದಕ್ಕೆ ವೆಲ್ಡಿಂಗ್. ಕಪ್ಪು ಕನ್ನಡಕ ಏರಿಸಿದರೂ ಬಲಗಣ್ಣು ಉರಿಯುತ್ತದೆ. ಬೆಸುಗೆ ಆರಿದ ಮೇಲೆ ತುಕ್ಕು ತಡೆಯುವ ಕೆಂಪು ಬಣ್ಣ ಬಳಿದು, ಚಿತ್ರವನ್ನು ಅದರ ಮೇಲಿಟ್ಟು, ಅಂಚುಗುಂಟ ರಿವಿಟ್ ಹೊಡೆಯುತ್ತಾರೆ. ತೂತು ಎಲ್ಲಿದೆಯೆಂದು ಹೆಬ್ಬೆರಳು ಮೊದಲು ಹುಡುಕುತ್ತದೆ, ಕಣ್ಣು ಆಮೇಲೆ. ಎಲ್ಲ ಕಡೆ ಹಳೆಯದಕ್ಕೆ ಹೊಸ ತೇಪೆ. ಇಲ್ಲಿ ಹೊಸದರ ಮೇಲೆ ಹಳೆಯದೇ ತೇಪೆ.

ಎರಡು ತಗಡಿನ ನಡುವೆ ಮಳೆನೀರು ಇಳಿದೇ ಇಳಿಯುತ್ತದೆ, ಒಂದಲ್ಲ ಒಂದು ದಿನ ಇದೂ ಉದುರುತ್ತದೆ. ಅದನ್ನು ಅವರು ಮುಚ್ಚಿಡುವುದಿಲ್ಲ. ಹಾಗಾದರೆ ಬರುವ ಅಮಾವಾಸ್ಯೆ ಕಾಯಿ ಎಲ್ಲಿ ಒಡೆಯಲಿ ಎಂದು ರೇಣವ್ವ ಕೇಳುತ್ತಾಳೆ.

"ನೆಲಕ್ಕ ಒಡಿ ಯವ್ವಾ. ನೆಲದ ಮ್ಯಾಲಿಂದೂ ಬೀರಪ್ಪಗ ಮುಟ್ಟತದ."

ವ್ಯಾನು ಹೊರಡುತ್ತದೆ. ಕಾಲಿಲ್ಲದ ಕುರಿಯೊಂದು ಸಾಲಿನ ಕೊನೆಯಲ್ಲಿ ತೇಲುತ್ತ ಹೋಗುತ್ತದೆ. ಹುಸೇನಸಾಬರು ಬಲಗಣ್ಣು ಒರೆಸಿಕೊಂಡು ಸದ್ದಿನ ದಿಕ್ಕಿಗೆ ಮುಖ ಮಾಡಿ ನಿಂತಿದ್ದಾರೆ.

"ಆ ರಿವಿಟ್ ಸಡಲಿದಾಗ ಈ ಒಂದ ಕಣ್ಣರ ಇರಲಿ. ಬ್ಯಾರೇದವರ ಕೈಗೆ ಕೊಟ್ರ ವೆಲ್ಡಿಂಗ ಹೊಡದು ಚಿತ್ರಕ್ಕ ಬೆಂಕಿ ಹಚ್ಚತಾರ."