ಅವ್ವನ ಮಣ್ಣು

ಅಣ್ಣನ ಫೋನ್ ಬಂದಾಗ ನಾನು ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದೆ.

"ಅವ್ವ ಹೋದ್ಲು," ಅಂದ.

ನಾನು ಎದ್ದು ಚಪ್ಪಲಿ ಹುಡುಕುತ್ತಲೇ ಕೇಳಿದೆ: "ಈಗ ಬಸ್ ಹಿಡೀತೀನಿ. ಪುಣೆ ಮಾಮಾಗ ಹೇಳೀಯಿಲ್ಲೋ?"

"ಎಲ್ಲಾ ಮುಗದೈತಿ. ನಸುಕಿನ್ಯಾಗ ಹೋದ್ಲು. ಬೆಂಕಿ ಕೊಟ್ಟು ಈಗ ಸ್ಮಶಾನದಿಂದ ಬಂದೇವಿ," ಅಂದ.

ನಮ್ಮ ಅವ್ವ ಯಹೂದಿ. ಯಹೂದಿಗಳು ಸತ್ತವರನ್ನು ಸುಡುವುದಿಲ್ಲ, ಹುಗಿಯುತ್ತಾರೆ. ಅಣ್ಣನಿಗೆ ಇದು ಗೊತ್ತಿಲ್ಲದ್ದೇನಲ್ಲ.

ಅವ್ವ ಕೊಂಕಣದ ಬೆನೆ ಇಸ್ರೇಲಿ ಯಹೂದಿ ಮನೆತನದವಳು. ನರ್ಸ್ ಆಗಿ ಇಚಲಕರಂಜಿಗೆ ಬಂದಳು. ಮಗ್ಗದಲ್ಲಿ ಬೆರಳು ಸಿಕ್ಕಿಸಿಕೊಂಡು ಆಸ್ಪತ್ರೆಗೆ ಬಂದ ದತ್ತವಾಡದ ಹುಡುಗನೊಬ್ಬನ ಕೈಗೆ ಪಟ್ಟಿ ಕಟ್ಟಿದಳು, ಕೊನೆಗೆ ಅವನನ್ನೇ ಮದುವೆಯಾದಳು. ಅವನೇ ನಮ್ಮ ಅಪ್ಪ. ಅವನ ಮನೆಯಲ್ಲಿ ಕನ್ನಡ ಕಲಿತಳು. ಸಿಟ್ಟು ಬಂದಾಗ ಮಾತ್ರ ಮರಾಠಿ. ಧರ್ಮ ಬಿಡಲಿಲ್ಲ, ಬಿಡು ಎಂದು ಅಪ್ಪ ಅನ್ನಲೂ ಇಲ್ಲ. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಮರುದಿನದ ಅಡಿಗೆ ಮುಗಿದಿರುತ್ತಿತ್ತು. ಶನಿವಾರ ಅವಳು ಒಲೆ ಹಚ್ಚುತ್ತಿರಲಿಲ್ಲ. ಚಹಾ ಬೇಕಾದರೆ ಅಪ್ಪನೇ ಕಾಸಿಕೊಳ್ಳುತ್ತಿದ್ದ. ಹರಕೆ ತೀರಿದಾಗ ಅವಲಕ್ಕಿಗೆ ಕೊಬ್ಬರಿ, ಸಕ್ಕರೆ, ಏಲಕ್ಕಿ ಕಲಸಿ ಮಲಿದಾ ಮಾಡಿ ಓಣಿಗೆಲ್ಲ ಹಂಚುತ್ತಿದ್ದಳು. ಗೋಧಿಯ ಮಾದ್ಲಿ ತಿಂದು ಬೆಳೆದ ಅಪ್ಪನ ತಾಯಿ, "ಗೋಧಿ ಇಲ್ಲದ ಮಾದ್ಲಿ ಎಲ್ಯಾರ ಕೇಳೀರೇನ್ರಿ?" ಎಂದು ಎಲ್ಲರೆದುರು ಬೈಯುತ್ತಲೇ ಇನ್ನೊಮ್ಮೆ ಕೈಯೊಡ್ಡುತ್ತಿದ್ದಳು.

ಓಣಿಯವರಿಗೆ ಅವಳು ಕೊನೆಯವರೆಗೂ "ಕಿರಿಸ್ತಾನ ಬಾಯಿ". ಅವಳು ನಗುತ್ತಲೇ ತಿದ್ದುತ್ತಿದ್ದಳು. ನಾಚಿಕೊಂಡು ತಲೆ ತಗ್ಗಿಸುತ್ತಿದ್ದವನು ಅಣ್ಣ.

ಅಪ್ಪ ಹೋದ ಮೇಲೆ ಒಮ್ಮೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: "ನನ್ನ ಸುಡಬ್ಯಾಡ್ರಿ. ಪುಣೆದಾಗ ನಮ್ಮ ಮಂದಿ ಜಾಗಾ ಐತಿ, ನನ್ನ ತಮ್ಮ ನೋಡ್ಕೋತಾನ. ಅದೂ ಆಗದಿದ್ರ ಎಲ್ಯಾರ ಒಂದು ತಗ್ಗು ತೋಡ್ರಿ." ಅಣ್ಣ "ಹೂಂ" ಅಂದಿದ್ದ.

ಇಚಲಕರಂಜಿ ಮುಟ್ಟಿದಾಗ ಮಧ್ಯಾಹ್ನ. ಅಣ್ಣನ ಮನೆಯ ಪಡಸಾಲೆಯಲ್ಲಿ ಅವ್ವನ ಫೋಟೋ ಇಟ್ಟು ಹಾರ ಹಾಕಿದ್ದರು. ಗಾಜಿನ ಮೇಲೆ, ಹಣೆಯ ಜಾಗಕ್ಕೆ ಸರಿಯಾಗಿ, ಗಂಧ ಹಚ್ಚಿದ್ದರು. ನಾನು ಸೆರಗಿನಿಂದ ಒರೆಸಿದೆ.

"ಯಾಕ ಸುಟ್ಟಿ?" ಅಣ್ಣನನ್ನು ಕೇಳಿದೆ.

"ಮಂದಿ ಕೂಡಿದ್ರು. ಹುಗೀತೀವಿ ಅಂದ್ರ ನೂರಾಯೆಂಟು ಕೇಳ್ತಿದ್ರು. ನನಗ ಮಗಳ ಲಗ್ನ ಮಾಡೂದೈತಿ."

"ಮಗಳ ಲಗ್ನಕ್ಕ ಅವ್ವನ್ನ ಸುಟ್ಟಿಯೇನು?"

"ಹೋದಾಕಿಗೆ ಏನ್ ತಿಳೀತೈತಿ?"

ಅಷ್ಟರಲ್ಲಿ ಅವನ ಮಗಳು ಒಳಗಿನಿಂದ ಬಂದಳು. ಆಯಿಯ ಮಗ್ಗುಲಲ್ಲೇ ಮಲಗಿ ಬೆಳೆದ ಮೊಮ್ಮಗಳು ಅವಳು. ಅತ್ತು ಅತ್ತು ಧ್ವನಿ ಒಡೆದಿತ್ತು.

"ನನ್ನ ಹೆಸರ ಯಾಕ ತಗೀತೀರಿ ಪಪ್ಪಾ? ಅತ್ತೆಗ ಫೋನ್ ಹಚ್ತೀನಿ ಅಂದ್ರ ಮೊಬೈಲ್ ಕಸ್ಕೊಂಡ್ರಿ. ಅದನ್ನೂ ಹೇಳ್ರಿ."

ಅಣ್ಣ ಎದ್ದು ಹೊರಗೆ ಹೋದ.

ಮೂರನೇ ದಿನ ಬೂದಿ ಎತ್ತುವ ಶಾಸ್ತ್ರ. ಪಂಚಗಂಗೆಯಲ್ಲಿ ಬಿಡುವುದೆಂದು ಅಣ್ಣ ಎಲ್ಲರಿಗೂ ಹೇಳಿಬಿಟ್ಟಿದ್ದ. ಅವನು ಬರುವುದಕ್ಕೆ ಮೊದಲೇ ನಾನೂ ಹುಡುಗಿಯೂ ಸ್ಮಶಾನಕ್ಕೆ ಹೋದೆವು. ಅವ್ವನ ಬಿಳಿ ಸೀರೆ ಹಾಸಿ, ಎಲುಬು, ಬೂದಿ, ಕೈಗೆ ಸಿಕ್ಕಿದ್ದನ್ನೆಲ್ಲ ತುಂಬತೊಡಗಿದೆವು. ಅಣ್ಣನೂ ಅವನ ಹಿಂದೆ ಅಪ್ಪನ ಕಡೆಯ ನಾಲ್ಕು ಜನವೂ ಬಂದರು.

"ಹೆಣ್ಮಕ್ಕಳು ಇಲ್ಲಿ ಬರಬಾರದವ್ವಾ," ಎಂದರು ಅವರಲ್ಲೊಬ್ಬ ಹಿರಿಯರು.

"ಇಲ್ಲಿ ಬರಬಾರದಾಗಿದ್ದಾಕಿ ನಮ್ಮವ್ವರಿ. ಆಕೀನ್ನ ತಂದ್ರಲ್ಲ, ಅವಾಗ ಯಾರೂ ಬಾಯಿ ಬಿಡಲಿಲ್ಲ."

ಯಾರೂ ಅಡ್ಡ ಬರಲಿಲ್ಲ. ಅಣ್ಣ ನೆಲ ನೋಡುತ್ತ ನಿಂತಿದ್ದ.

ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೊಲ್ಹಾಪುರದಲ್ಲಿ ಬಸ್ ಬದಲಿಸಿ ಗಡಹಿಂಗ್ಲಜಕ್ಕೆ ಬಂದೆ. ಹುಡುಗಿ ಜೊತೆಗೇ ಬಂದಳು. ಹಿತ್ತಲಿನಲ್ಲಿ ಗುದ್ದಲಿ ಹಿಡಿದು ನಾನೇ ತಗ್ಗು ತೋಡಿದೆ. ಒಂದೊಂದು ಏಟಿಗೂ ಅಣ್ಣನ ಮುಖ ಕಣ್ಣ ಮುಂದೆ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಪುಣೆಯ ಮಾಮಾನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಮುದುಕ ಬಹಳ ಹೊತ್ತು ಅತ್ತ. ನಂತರ, "ಜೇ ಉರಲಂಯ್ ತೇ ಮಾತೀತ ಠೇವ, ಪೋರಿ," ಉಳಿದದ್ದನ್ನಾದರೂ ಮಣ್ಣಿನಲ್ಲಿಡು ಮಗಳೇ, ಎಂದು ಹೀಬ್ರೂ ಪ್ರಾರ್ಥನೆ ಶುರು ಮಾಡಿದ. ನನಗೆ ಒಂದು ಶಬ್ದವೂ ಅರ್ಥವಾಗಲಿಲ್ಲ. ಆಯಿಯ ಬಾಯಲ್ಲಿ ಕೇಳಿ ಕೇಳಿ ಕಲಿತಿದ್ದ ಹುಡುಗಿ ಮಾತ್ರ ನಡುನಡುವೆ "ಆಮೇನ್" ಅನ್ನುತ್ತ ತಗ್ಗಿನಲ್ಲಿಟ್ಟ ಗಂಟಿನ ಮೇಲೆ ಬೊಗಸೆಯಲ್ಲಿ ಮಣ್ಣು ಹಾಕಿದಳು.

ಹೋದ ತಿಂಗಳು ಅಣ್ಣ ನಮ್ಮ ಮನೆಗೆ ಬಂದಿದ್ದ. ನೀರು ಕೊಟ್ಟೆ, ಚಹಾ ಕೊಟ್ಟೆ.

"ಇನ್ನೂ ಎಷ್ಟ ದಿನ ಸಿಟ್ಟ ಮಾಡ್ತಿ?" ಅಂದ.

ಅವನು ಎದ್ದು ಹಿತ್ತಲ ಬಾಗಿಲಿನವರೆಗೆ ಹೋಗಿ ನಿಂತ. ಬೀಗ ಹಾಕಿತ್ತು. ನನ್ನ ಕಡೆ ತಿರುಗಿ ನೋಡಿದ. ನಾನು ಕುಳಿತಲ್ಲಿಂದ ಏಳಲಿಲ್ಲ.